ನಲವತ್ತೊಂದು ಸಲ ಇಲ್ಲ

ಕಾವುಹಲಗೆಯ ಮೈ ನಲವತ್ತಾರು ಡಿಗ್ರಿ ದಾಟಬಾರದು ಎಂದು ತೀರ್ಮಾನಿಸಿದವನು ನಾನು. ಸಮಿತಿ ಆಮೇಲೆ ಒಪ್ಪಿತು, ಸರಕಾರ ಆಮೇಲೆ ಮುದ್ರೆ ಒತ್ತಿತು, ಆದರೆ ಅಂಕಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಯಾರ ತಪ್ಪು ಎಂದು ಹುಡುಕುವ ಕೆಲಸ ನಿಮಗೆ ಬೇಡ.

ನನ್ನ ಹೆಸರು ವೀರಭದ್ರ ಅಣ್ಣಿಗೇರಿ. ಧಾರವಾಡದ ಉಷ್ಣಸಾಧನ ಪ್ರಯೋಗಾಲಯದಲ್ಲಿ ಹಿರಿಯ ಎಂಜಿನಿಯರ್. ಇಪ್ಪತ್ತೆಂಟು ವರ್ಷ ಫ್ಯಾನು, ಕೂಲರು, ಏಸಿ ಇವುಗಳನ್ನೇ ಪರೀಕ್ಷೆ ಮಾಡಿಕೊಂಡು ಬಂದವನು. ಜನರ ಸೆಖೆ ಕಡಿಮೆ ಮಾಡುವುದು ನಮ್ಮ ಹೊಟ್ಟೆಪಾಡಾಗಿತ್ತು. ಮುಸುಕು ಬಂದ ಮೇಲೆ ಎಲ್ಲ ತಲೆಕೆಳಗಾಯಿತು.

ಮುಸುಕಿನ ವಿಷಯ ನಿಮಗೆ ಗೊತ್ತೇ ಇದೆ. ಭೂಮಿಯ ಕಾವು ಇಳಿಸುತ್ತೇವೆಂದು ದೊಡ್ಡ ದೇಶಗಳು ಕೂಡಿ ಆಕಾಶದ ಮೇಲಿನ ಪದರದಲ್ಲಿ ಬಿಳಿ ಪುಡಿ ತೂರಿದವು. ಲೆಕ್ಕದ ಪ್ರಕಾರ ಒಂದೂವರೆ ಡಿಗ್ರಿ ಇಳಿಯಬೇಕಿತ್ತು. ಬೇರೆ ಕಡೆ ಅಷ್ಟೇ ಇಳಿಯಿತಂತೆ. ನಮ್ಮ ದಖ್ಖನಿನ ಮೇಲೆ ಮಾತ್ರ ಗಾಳಿಯ ದಾರಿ ಬದಲಾಗಿ, ಪುಡಿ ಬಂದು ನಿಂತುಬಿಟ್ಟಿತು. ಸೂರ್ಯ ಹಾಲಿನ ಕೆನೆಯ ಹಿಂದೆ ಇದ್ದ ಹಾಗೆ ಕಾಣತೊಡಗಿದ. ದೀಪಾವಳಿಯಿಂದ ಹೋಳಿಯ ತನಕ ಬೆಳಗಿನ ತಾಪಮಾನ ಒಂದು, ಎರಡು ಡಿಗ್ರಿ. ಪುಡಿ ತಾನಾಗಿ ಕೆಳಗಿಳಿಯಲು ಹದಿನಾಲ್ಕು ವರ್ಷ ಬೇಕು ಎಂದರು. ಈಗ ನಾಲ್ಕನೆಯದು ನಡೆದಿದೆ.

ನಮ್ಮ ಮನೆಗಳು ಚಳಿಗೆ ಕಟ್ಟಿದವಲ್ಲ. ಕೆಳಗೆ ಫರಸಿ ಕಲ್ಲು, ಮೇಲೆ ಎತ್ತರದ ಛಾವಣಿ, ನಡುವೆ ಎಂದೂ ಸರಿಯಾಗಿ ಮುಚ್ಚದ ಕಿಟಕಿ. ಮೊದಲ ವರ್ಷ ಜನ ಇದ್ದಲಿ ತಂದು ಶಿಗಡಿ ಹಚ್ಚಿದರು. ಗಾಳಿ ಬರುತ್ತದೆಂದು ಕಿಟಕಿಗೆ ಪ್ಲಾಸ್ಟಿಕ್ ಹೊಡೆದರು, ಬಾಗಿಲ ಸಂದಿಗೆ ಅರಿವೆ ತುರುಕಿದರು. ಇದ್ದಲಿಯ ಹೊಗೆಯಿಲ್ಲದ ವಿಷಕ್ಕೆ ವಾಸನೆಯೂ ಇಲ್ಲ. ಆ ಚಳಿಗಾಲದಲ್ಲಿ ನಮ್ಮ ಜಿಲ್ಲೆಯೊಂದರಲ್ಲೇ ಆರುನೂರಕ್ಕೂ ಹೆಚ್ಚು ಮಂದಿ ಕೂತಲ್ಲೇ ಹೋದರು. ಕಾಯಿಲ್ ಹೀಟರು ತಂದವರ ಮನೆಯಲ್ಲಿ ಹಾಸಿಗೆಗೆ ಬೆಂಕಿ ಹತ್ತಿತು, ಇಲ್ಲವೇ ಓಣಿಯ ಫ್ಯೂಜು ಹೋಯಿತು. ಆಗ ಪ್ರಯೋಗಾಲಯಕ್ಕೆ ಆದೇಶ ಬಂತು: ಮಗು ಮುಟ್ಟಿದರೂ ಸುಡಬಾರದು, ಬೆಂಕಿ ಹತ್ತಬಾರದು, ಮುನ್ನೂರೈವತ್ತು ವ್ಯಾಟ್ ಮೀರಬಾರದು, ಒಂದು ಕೋಣೆ ಬೆಚ್ಚಗಾಗಬೇಕು.

ನನ್ನ ಉಪಾಯ ಸಣ್ಣದು. ಒಂದು ಜಾಗವನ್ನು ಕೆಂಪಗೆ ಕಾಯಿಸುವ ಬದಲು ದೊಡ್ಡ ಜಾಗವನ್ನು ಉಗುರುಬೆಚ್ಚಗೆ ಕಾಯಿಸುವುದು. ಕಾವುಹಲಗೆಯೊಳಗೆ ಇರುವುದು ಮಸಿಪುಡಿ ಬೆರೆಸಿದ ಒಂದು ಪ್ಲಾಸ್ಟಿಕ್ ಹಾಳೆ. ಅದರಲ್ಲಿ ವಿದ್ಯುತ್ತು ಹರಿದಾಗ ಕಾಯುತ್ತದೆ. ಕಾದಂತೆಲ್ಲ ಪ್ಲಾಸ್ಟಿಕ್ ಉಬ್ಬುತ್ತದೆ, ಮಸಿಯ ಕಣಗಳು ಒಂದಕ್ಕೊಂದು ದೂರವಾಗುತ್ತವೆ, ವಿದ್ಯುತ್ತು ತಾನಾಗಿ ಕಡಿಮೆಯಾಗುತ್ತದೆ. ಕಾವನ್ನು ತಡೆಯಲು ಕೆಟ್ಟುಹೋಗುವಂಥ ಯಾವ ಯಂತ್ರವೂ ಬೇಡ, ಹಾಳೆಯ ಸ್ವಭಾವವೇ ಅದನ್ನು ತಡೆಯುತ್ತದೆ. ತೆರೆದ ಗಾಳಿಯಲ್ಲಿ ಇದರ ಮೈ ನಲವತ್ತೊಂದು ಡಿಗ್ರಿ. ಏನೇ ಮಾಡಿದರೂ, ಹಾಸಿಗೆ ಹೊದಿಸಿ ಮುಚ್ಚಿದರೂ, ನಲವತ್ತಾರರ ಮೇಲೆ ಹೋಗದು. ನಾವು ಕುಡಿಯುವ ಚಹಾ ಇದಕ್ಕಿಂತ ಬಿಸಿ ಇರುತ್ತದೆ.

ಇನ್ನೊಂದು ಜಾಣತನವನ್ನೂ ಮಾಡಿದೆ. ಚಳಿ ದೇಶದವರು ಹೀಟರನ್ನು ಕಿಟಕಿಯ ಕೆಳಗೆ ಇಟ್ಟು ಕುರ್ಚಿಯ ಮೇಲೆ ದೂರ ಕೂರುತ್ತಾರೆ. ನಮ್ಮ ಜನ ನೆಲದ ಮೇಲೆ ಗೋಡೆಗೆ ಒರಗಿ ಕೂರುವವರು. ಆದ್ದರಿಂದ ಹಲಗೆಯನ್ನು ನೆಲಕ್ಕೆ ತಾಗಿಸಿ ಗೋಡೆಗೆ ಬಡಿಯಬೇಕು ಎಂದು ಬರೆದೆ. ಒಂದು ಮೀಟರ್ ಎತ್ತರ, ಎರಡು ಮೀಟರ್ ಅಗಲ. ನಿರ್ದೇಶಕಿ ಶಬಾನಾ ಮುಜಾವರ ಮೇಡಂ ನಕ್ಷೆ ನೋಡಿ, "ಇದು ನಮ್ಮ ಮಂದೀನ ನೋಡಿ ಮಾಡಿದ್ದು, ಅಣ್ಣಿಗೇರಿಯವರ" ಎಂದರು. ಹಿಗ್ಗಿದೆ.

ನಮ್ಮ ಪ್ರಯೋಗಾಲಯದ ಹಳೆಯ ಪದ್ಧತಿಯೊಂದಿದೆ. ಯಾವ ಸಾಧನವೂ ಊರಿಗೆ ಹೋಗುವ ಮೊದಲು ಸಿಬ್ಬಂದಿಯ ಮನೆಗೆ ಹೋಗಬೇಕು. ಮನೆಯವರು ದಿನಾ ಒಂದು ಹಾಳೆ ತುಂಬಿ ಕೊಡಬೇಕು. ಕಾವುಹಲಗೆ ಹನ್ನೆರಡು ಮನೆಗಳಿಗೆ ಹೋಯಿತು, ಅದರಲ್ಲಿ ನಮ್ಮದೂ ಒಂದು.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಕಸ್ತೂರಿ. ಕಸ್ತೂರಿ ಕೌದಿ ಹೊಲಿಯುತ್ತಾಳೆ. ಹಳೆ ಸೀರೆ, ಧೋತರದ ತುಂಡುಗಳನ್ನು ಪದರ ಪದರ ಜೋಡಿಸಿ, ಸಣ್ಣ ಟಾಕಿ ಹಾಕುತ್ತಾ ಹೋಗುವ ಕೆಲಸ. ಮುಸುಕಿಗೆ ಮೊದಲು ಅದು ಅವಳ ಹವ್ಯಾಸ, ವರ್ಷಕ್ಕೆ ಎರಡೋ ಮೂರೋ. ಈಗ ಇಡೀ ಓಣಿ ಅವಳ ಬಾಗಿಲಿಗೆ ಬರುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿ, ಅಂಗಾಲು ಹಲಗೆಗೆ ಹಚ್ಚಿ, ಮೇಲೆ ಹೊಲಿಯುತ್ತಿರುವ ಕೌದಿ ಹರಡಿಕೊಂಡರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಕೌದಿಯ ಒಂದು ತುದಿ ಬಲಗಾಲಿನ ಬದಿಗೆ ಹಲಗೆಯ ಮೇಲೂ ಬಿದ್ದಿರುತ್ತಿತ್ತು. ಒಳಗೆ ಬೆಕ್ಕು ಮಲಗುತ್ತಿತ್ತು. ಒಂದು ಮೂಲೆಯಲ್ಲಿ ಮೊಸರಿಗೆ ಹೆಪ್ಪು ಹಾಕಿದ ಪಾತ್ರೆಯೂ ಇರುತ್ತಿತ್ತು. ಚಳಿ ಬಂದಾಗಿನಿಂದ ಧಾರವಾಡದಲ್ಲಿ ಮೊಸರೇ ಸರಿಯಾಗಿ ಹೆಪ್ಪಾಗುತ್ತಿರಲಿಲ್ಲ.

"ನಿಮ್ಮ ಇಪ್ಪತ್ತೆಂಟ ವರ್ಷದ ನೌಕರಿಯೊಳಗ ಮನಿಗೆ ಉಪಯೋಗ ಆಗಿದ್ದು ಇದೊಂದ ನೋಡ್ರಿ," ಎಂದಳು ಮೊದಲ ದಿನ.

"ಹಾಳಿ ತುಂಬೋದ ಮರೀಬ್ಯಾಡ," ಎಂದೆ.

ಹಾಳೆಯಲ್ಲಿ ನಾಲ್ಕು ಸಾಲು. ತಾರೀಖು. ಹಲಗೆ ಎಷ್ಟು ತಾಸು ಚಾಲೂ ಇತ್ತು. ಮೈಯ ಯಾವ ಭಾಗ ಹಲಗೆಗೆ ತಾಗಿತ್ತು, ಎಷ್ಟು ತಾಸು. ಕೊನೆಯ ಸಾಲು: ಹಲಗೆಯಿಂದ ಮೈಗೆ ಉರಿ ಅನಿಸಿತೇ, ಹೌದೋ ಇಲ್ಲವೋ? ಪ್ರಶ್ನೆ ಬರೆದವನೂ ನಾನೇ. ಕಸ್ತೂರಿ ದಿನಾ ದೀಪ ಹಚ್ಚಿದ ಮೇಲೆ ಪೆನ್ನು ತೆಗೆದು ತುಂಬುತ್ತಿದ್ದಳು. ಅಂಗಾಲು, ಆರು ತಾಸು. ಇಲ್ಲ. ಅಂಗಾಲು, ಆರೂವರೆ ತಾಸು. ಇಲ್ಲ. ಅಕ್ಷರ ದುಂಡಗೆ, ಟಾಕಿ ಹಾಕಿದ ಹಾಗೆ ಒಂದೇ ಅಳತೆ.

ಉಳಿದ ಹನ್ನೊಂದು ಮನೆಯವರು ಹಲಗೆಯ ಮುಂದೆ ಕೂತಿದ್ದರು, ಬೆನ್ನು ಹಚ್ಚಿದ್ದರು, ಸ್ವಲ್ಪ ಹೊತ್ತಿಗೆ ಬಿಸಿಯಾಯಿತೆಂದು ಸರಿದಿದ್ದರು. ಅವರ ಹಾಳೆಯಲ್ಲಿ ತಾಗಿದ ಹೊತ್ತು ಹತ್ತು ನಿಮಿಷ, ಇಪ್ಪತ್ತು ನಿಮಿಷ. ಪ್ರಯೋಗಾಲಯದಲ್ಲಿ ಐದು ಮಂದಿ ಅಂಗೈ ಇಟ್ಟದ್ದೂ ಹತ್ತೇ ನಿಮಿಷ. ಇಡೀ ವರದಿಯಲ್ಲಿ ದೀರ್ಘಕಾಲದ ಪುರಾವೆ ಒಂದೇ ಇತ್ತು. ಅದನ್ನು ನಾನು ದಪ್ಪ ಅಕ್ಷರದಲ್ಲಿ ಹಾಕಿದೆ: "ಮನೆ ಸಂಖ್ಯೆ ಏಳು. ದಿನಕ್ಕೆ ಸರಾಸರಿ ಆರು ತಾಸು ನೇರ ಪಾದಸಂಪರ್ಕ. ನಲವತ್ತೊಂದು ದಿನ. ಉರಿ: ಒಮ್ಮೆಯೂ ಇಲ್ಲ." ಮನೆ ಸಂಖ್ಯೆ ಏಳು ನಮ್ಮದು. ಸಮಿತಿಯಲ್ಲಿ ಒಬ್ಬರು, ನಲವತ್ತಾರು ಡಿಗ್ರಿ ಬಹಳ ಹೊತ್ತು ತಾಗಿದರೆ ಹೇಗೆ ಎಂದು ಕೇಳಿದರು. ನಾನು ಈ ಸಾಲನ್ನು ತೋರಿಸಿದೆ. ಅವರು ತಲೆಯಾಡಿಸಿ ಒಪ್ಪಿದರು.

ಡಿಸೆಂಬರ್ ಮೊದಲ ವಾರದಿಂದ ಹಂಚಿಕೆ ಶುರುವಾಯಿತು. ಧಾರವಾಡದಲ್ಲಿ ಹದಿನೆಂಟು ಸಾವಿರ ಮನೆ. ಪ್ರತಿ ಹಲಗೆಯ ಪಕ್ಕ ಒಂದು ಸಣ್ಣ ಡಬ್ಬಿ. ಆ ಹಲಗೆ ಎಷ್ಟು ವಿದ್ಯುತ್ತು ಎಳೆಯುತ್ತಿದೆ ಎಂದು ಅದು ನಮಗೆ ಹೇಳುತ್ತದೆ, ಬೇಕೆಂದರೆ ನಾವು ಇಲ್ಲಿಂದಲೇ ಬಂದ್ ಮಾಡಬಹುದು. ಪ್ರಯೋಗಾಲಯದ ಹಿಂದಿನ ದೊಡ್ಡ ಕೋಣೆ ನಿಯಂತ್ರಣ ಕೊಠಡಿಯಾಯಿತು. ಗೋಡೆಯ ತುಂಬ ಊರಿನ ನಕ್ಷೆ. ಪ್ರತಿ ಮನೆಗೆ ಒಂದು ಚುಕ್ಕಿ. ಪೂರಾ ವಿದ್ಯುತ್ತು ಎಳೆದರೆ ಹಸಿರು, ಚಾಲೂ ಇದ್ದೂ ಕಡಿಮೆ ಎಳೆದರೆ ನೀಲಿ, ಬಂದ್ ಆದರೆ ಕಪ್ಪು.

ಮೂರನೆಯ ವಾರಕ್ಕೆ ಮಧ್ಯಾಹ್ನದ ಹೊತ್ತು ನಕ್ಷೆ ನೀಲಿಯಾಗತೊಡಗಿತು. ಏಳು ಸಾವಿರ ನೀಲಿ ಚುಕ್ಕಿ. ನಾವು ನಾನೂರು ಮನೆಗೆ ಕೊಡುವ ವಿದ್ಯುತ್ತು ಐನೂರು ಮನೆಗೆ ಸಾಲುತ್ತಿತ್ತು. ನಾನು ಆ ಬಣ್ಣಕ್ಕೆ "ಮಿತಬಳಕೆ" ಎಂದು ಹೆಸರಿಟ್ಟು ವಾರದ ಟಿಪ್ಪಣಿಯಲ್ಲಿ ಬರೆದೆ. ಮುಜಾವರ ಮೇಡಂ ಸಿಬ್ಬಂದಿಗೆಲ್ಲ ಪೇಢೆ ತರಿಸಿ ಹಂಚಿದರು. ಆ ವರ್ಷ ಶಿಗಡಿಯಿಂದ ಸತ್ತವರು ಅಲ್ಲಿಯ ತನಕ ಒಂಬತ್ತೇ ಮಂದಿ. ನಾನು ಎರಡು ಪೇಢೆ ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದೆ. ಕಸ್ತೂರಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನಗೇ ಕೊಟ್ಟಳು.

ಸಂಕ್ರಾಂತಿಯ ಹಿಂದಿನ ದಿನ ಆಫೀಸಿನಿಂದ ಬಂದಾಗ ಮನೆಯಲ್ಲಿ ಒಂದು ವಾಸನೆ ಇತ್ತು. ಮೊಸರು ಕೆಟ್ಟಿದೆ ಎಂದುಕೊಂಡೆ. ಪಾತ್ರೆ ತೆಗೆದು ಮೂಸಿದೆ, ಮೊಸರು ಚೆನ್ನಾಗಿತ್ತು. ಬೆಕ್ಕು ಇಲಿ ತಂದಿರಬೇಕೆಂದು ಕೌದಿ ಎತ್ತಿದೆ. ಕಸ್ತೂರಿಯ ಬಲಗಾಲಿನ ಕಾಲುಚೀಲದ ಅಡಿ ಕಪ್ಪಗೆ ಒದ್ದೆಯಾಗಿತ್ತು.

"ಕಾಲಿಗೆ ಏನ ತುಳದಿ?"

"ಎಲ್ಲಿ? ಏನಿಲ್ಲಲಾ," ಎಂದಳು, ಸೂಜಿ ನಿಲ್ಲಿಸದೆ.

ಕಾಲುಚೀಲ ಎಳೆದೆ. ಅದರ ಜೊತೆ ಚರ್ಮವೂ ಬಂತು. ಹೆಬ್ಬೆರಳಿನ ಬುಡದಿಂದ ಅಂಗಾಲಿನ ನಡುವಿನ ತನಕ ಒಂದು ಅಂಗೈಯಷ್ಟು ಜಾಗ ಬೂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕಸ್ತೂರಿ ಬಾಗಿ ನೋಡಿದಳು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದಳು. "ಅಯ್ಯ, ಇದೇನ್ರೀ ಇದು," ಎಂದಳು. ನೋವಿನ ಧ್ವನಿ ಅಲ್ಲ. ರೊಟ್ಟಿ ಕರಕಾದಾಗ ಅನ್ನುವ ಧ್ವನಿ.

ಆಸ್ಪತ್ರೆಯಲ್ಲಿ ಡಾಕ್ಟರ್ ಹಂಚಿನಮನಿ ಎಂಬವರು ನೋಡಿದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಜೇಬಿನಿಂದ ಮೀನಿನ ಗಾಳದ ದಾರದಂಥ ಒಂದು ತೆಳ್ಳನೆಯ ನೈಲಾನು ಎಳೆ ತೆಗೆದರು.

"ಕಣ್ಣ ಮುಚ್ಚರಿ, ಅಕ್ಕಾರ. ಎಡಗಾಲಿಗೆ ಮುಟ್ಟತೀನಿ. ಮುಟ್ಟಿದಾಗೆಲ್ಲ ಹ್ಞೂ ಅನ್ರಿ."

ಕಸ್ತೂರಿ ಕಣ್ಣು ಮುಚ್ಚಿದಳು. ಡಾಕ್ಟರು ಹೆಬ್ಬೆರಳಿಗೆ ಎಳೆಯನ್ನು ಒತ್ತಿದರು, ಎಳೆ ಬಾಗಿತು. ಪಕ್ಕದ ಬೆರಳಿಗೆ ಒತ್ತಿದರು. ಅಂಗಾಲಿಗೆ, ಹಿಮ್ಮಡಿಗೆ, ಅಂಚಿಗೆ. ಹತ್ತು ಕಡೆ ಒತ್ತಿದ್ದನ್ನು ನಾನು ಎಣಿಸಿದೆ. ಕಸ್ತೂರಿ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಾದಳು.

"ಚಾಲೂ ಮಾಡ್ರಿ, ಡಾಕ್ಟರ," ಎಂದಳು.

ಡಾಕ್ಟರು ಎಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನನ್ನನ್ನು ಹೊರಗೆ ಕರೆದು ಹೇಳಿದರು: ಸಕ್ಕರೆಯಿಂದ ಕಾಲಿನ ನರಗಳು ಸತ್ತು ಬಹಳ ವರ್ಷವಾಗಿದೆ. ಇದು ಸುಟ್ಟ ಗಾಯ. ಬೆಂಕಿಯದಲ್ಲ, ಕಡಿಮೆ ಕಾವು ಬಹಳ ಹೊತ್ತು ತಾಗಿದ್ದು. ಚರ್ಮದ ಮೇಲೆ ಗುಳ್ಳೆ ಏಳದೆ ಒಳಗಿನ ಮಾಂಸ ಬೇಯುತ್ತಾ ಹೋಗಿದೆ.

"ಎಷ್ಟ ದಿನದ್ದು?" ಎಂದೆ.

"ಒಳಗ ಶುರುವಾಗಿ ಎರಡ ತಿಂಗಳ ಮ್ಯಾಲಾಗೇತ್ರಿ. ಮನ್ಯಾಗ ಬಿಸಿನೀರಿನ ಚೀಲಾ ಇಡತಿದ್ರೇನು?"

ಎರಡು ತಿಂಗಳ ಹಿಂದೆ ಮನೆ ಪರೀಕ್ಷೆ ನಡೆದಿತ್ತು. ಅವಳು ಹಾಳೆಯಲ್ಲಿ ಇಲ್ಲ, ಇಲ್ಲ ಎಂದು ಬರೆಯುತ್ತಿದ್ದ ದಿನಗಳಲ್ಲೇ ಇದು ಶುರುವಾಗಿತ್ತು. ನಲವತ್ತಾರು ಡಿಗ್ರಿ ಐದು ನಿಮಿಷಕ್ಕೆ ಹಿತ, ಎರಡು ತಾಸಿಗೆ ಸುಟ್ಟ ಗಾಯ. ಎಷ್ಟು ಕಾವು ಎಷ್ಟು ಹೊತ್ತಿಗೆ ಸುಡುತ್ತದೆ ಎಂಬ ಈ ಕೋಷ್ಟಕ ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲೇಜಿನಲ್ಲೇ ಓದಿದ್ದೆ. ಅದರ ಕೆಳಗೆ ಒಂದು ಸಾಲು ಇರುತ್ತದೆ: ಉರಿ ಹತ್ತಿದ ಕೂಡಲೇ ಮನುಷ್ಯ ತಾನಾಗಿ ಸರಿಯುತ್ತಾನೆ, ಆದ್ದರಿಂದ ಇಷ್ಟು ಹೊತ್ತಿನ ಸಂಪರ್ಕ ವಾಸ್ತವದಲ್ಲಿ ಸಂಭವಿಸುವುದಿಲ್ಲ. ಆ ಸಾಲನ್ನು ನಂಬಿ ಹಲಗೆ ಮಾಡಿದೆ. ಆಮೇಲೆ ಉರಿ ಹತ್ತದ ಕಾಲೊಂದನ್ನು ತಂದು ಹಲಗೆ ಸುರಕ್ಷಿತ ಎಂಬುದಕ್ಕೆ ಸಾಕ್ಷಿ ಮಾಡಿದೆ.

ಇನ್ನೊಂದು ನೆನಪಾಯಿತು. ಮೂರು ವರ್ಷದ ಹಿಂದೆ ಕಸ್ತೂರಿ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಬಂದಿದ್ದಳು. ಇನ್ನೊಂದು ದಾರಿಯಲ್ಲಿ ಎಲ್ಲಿಯೋ ಕಾಲಿನಿಂದ ಕಳಚಿ ಹೋಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. "ಕಾಲಿಗೆ ಜೋಮ ಹಿಡದಂಗ ಇರತೈತ್ರಿ, ಯಾವಾಗ್ಲೂ," ಎಂದಿದ್ದಳು. ನಾನು ಪೇಪರು ಓದುತ್ತಾ, ನಿನ್ನ ತಲೆ ಎಲ್ಲಿರುತ್ತದೆ ಎಂದು ನಕ್ಕಿದ್ದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ನಿಯಂತ್ರಣ ಕೊಠಡಿಗೆ ಹೋದೆ. ಸಂಕ್ರಾಂತಿಯ ರಜೆ. ಮುಜಾವರ ಮೇಡಂ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಗೋಡೆಯ ಮೇಲೆ ಊರು ಮೆಲ್ಲಗೆ ನೀಲಿಯಾಗುತ್ತಿತ್ತು. ಹಬ್ಬದ ದಿನ, ಜನ ಮನೆಯಲ್ಲೇ ಇದ್ದರು.

"ಮೇಡಂ, ನೀಲಿ ಅಂದ್ರ ಮಿತಬಳಕೆ ಅಲ್ಲ," ಎಂದೆ. "ಹಲಗಿ ಮ್ಯಾಲೆ ಹೊದಿಕಿ ಬಿದ್ದಾಗ ಕಾವು ಹೊರಗ ಹೋಗಂಗಿಲ್ಲ. ಹಾಳಿ ಪೂರಾ ಕಾದು ವಿದ್ಯುತ್ತ ತಾನ ಕಡಿಮಿ ಮಾಡತೈತಿ. ಅದ ನೀಲಿ. ಅಂದ್ರ ಅಲ್ಲಿ ಕೌದಿ ಐತಿ. ಕೌದಿ ಕೆಳಗ ನಲವತ್ತಾರ ಡಿಗ್ರಿ. ಅದರ ಕೆಳಗ ಯಾರದರ ಕಾಲು ಇರತಾವ."

ಮೇಡಂ ಕಪ್ಪು ಕೆಳಗಿಟ್ಟರು. "ಆದ್ರ ಮನೆ ಸಂಖ್ಯೆ ಏಳು? ಆರ ತಾಸು, ನಲವತ್ತೊಂದ ದಿನ…"

"ಅದು ನನ್ನ ಹೆಂಡತಿ."

ಉಳಿದದ್ದನ್ನೂ ಹೇಳಿದೆ. ಗಾಯದ ಅಳತೆ, ಬಣ್ಣ, ನೈಲಾನು ಎಳೆ, ಹತ್ತು ಕಡೆ. ಯಂತ್ರದ ವರದಿ ಓದಿದ ಹಾಗೆ ಹೇಳಿ ಮುಗಿಸಿದೆ. ನನ್ನ ಧ್ವನಿ ನನಗೇ ದೂರದಿಂದ ಕೇಳುತ್ತಿತ್ತು. ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರಂತೆ. ಆಮೇಲೆ ಅವರೇ ಹೇಳಿದ್ದು, ನನಗೆ ಅದು ನೆನಪಿಲ್ಲ.

"ಈಗ ನೀಲಿ ಎಷ್ಟ ಅದಾವು?" ಎಂದು ಕೇಳಿದರು.

"ಏಳ ಸಾವಿರದ ಮುನ್ನೂರು."

"ಅಷ್ಟೂ ಬಂದ್ ಮಾಡಿದ್ರ?"

"ಇವತ್ತ ಸಂಜಿಗೇ ಶಿಗಡಿ ಹಚ್ಚತಾರ."

"ಮಾಡದಿದ್ರ?"

ಈ ಊರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಎಷ್ಟಿವೆ ಎಂದು ಇಬ್ಬರಿಗೂ ಗೊತ್ತಿತ್ತು. ಮೇಡಂ ಅವರಿಗೂ ಆ ಕಾಯಿಲೆ ಇತ್ತು. ಅವರು ಮೇಜಿನ ಕೆಳಗೆ ತಮ್ಮ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಒತ್ತಿ ನೋಡಿಕೊಂಡದ್ದನ್ನು ಕಂಡೆ. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿ ಹಾಕಿಕೊಂಡರು.

ಮಧ್ಯಾಹ್ನದೊಳಗೆ ಒಂದು ದಾರಿ ಕಂಡುಕೊಂಡೆವು. ಯಾವ ಹಲಗೆ ಇಪ್ಪತ್ತು ನಿಮಿಷ ನೀಲಿ ಇರುತ್ತದೋ ಅದನ್ನು ಹದಿನೈದು ನಿಮಿಷ ಬಂದ್ ಇಡುವುದು. ಅಷ್ಟರಲ್ಲಿ ಹಲಗೆಯ ಮೈ ಮೂವತ್ತೆಂಟಕ್ಕೆ ಇಳಿಯುತ್ತದೆ. ಕೌದಿಯೊಳಗಿನ ಬೆಚ್ಚನೆಯ ಕಾವು ಪೂರಾ ಹೋಗುವುದಿಲ್ಲ. ಸುಡುವುದೂ ಇಲ್ಲ. ಜೊತೆಗೆ, ನೀಲಿ ಚುಕ್ಕಿಯ ಮನೆಮನೆಗೆ ಆಶಾ ಕಾರ್ಯಕರ್ತೆಯರನ್ನು ಕಳಿಸಿ ಕಾಲು ನೋಡಿಸುವುದು. ಇದಕ್ಕೆ ಮೇಲಿನವರ ಅಪ್ಪಣೆ ಬೇಕಿತ್ತು. ಯಾಕೆ ಎಂದು ಅವರು ಕೇಳಿದಾಗ ವರದಿಯ ಆ ದಪ್ಪ ಅಕ್ಷರದ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ "ಈ ಪುರಾವೆ ನನ್ನ ಪತ್ನಿಯದು, ಆಕೆಯ ಕಾಲಿಗೆ ಸ್ಪರ್ಶಜ್ಞಾನ ಇರಲಿಲ್ಲ, ನಾನು ಕೇಳಿರಲಿಲ್ಲ" ಎಂದು ಬರೆದು ಸಹಿ ಹಾಕಿ ಕಳಿಸಿದೆ.

ಹಲಗೆಗಳು ಬಂದ್ ಆಗಿ ಚಾಲೂ ಆಗತೊಡಗಿದ ಮೊದಲ ದಿನವೇ ನಾಲ್ಕು ಸಾವಿರ ದೂರು ಬಂದವು. ಹಲಗೆ ಕೆಟ್ಟಿದೆ, ಚಳಿ ತಡೆಯಲಾಗುತ್ತಿಲ್ಲ, ಮೊಸರು ಹೆಪ್ಪಾಗಿಲ್ಲ. ಮೂರನೆಯ ದಿನ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಶಿಗಡಿಯ ಮುಂದೆ ಸತ್ತಿದ್ದರು. ಅವರ ಹಲಗೆ ಆ ಹೊತ್ತು ನಾವೇ ಬಂದ್ ಮಾಡಿದ ಹದಿನೈದು ನಿಮಿಷದಲ್ಲಿ ಇತ್ತೋ ಇಲ್ಲವೋ ಎಂದು ದಾಖಲೆ ತೆಗೆದು ನೋಡಿದೆ. ಇತ್ತು. ನೋಡಬೇಕಾಗಿರಲಿಲ್ಲ ಎಂದು ಮೇಡಂ ಅಂದರು. ನೋಡದಿದ್ದರೂ ಇರುತ್ತಿತ್ತು.

ಆಶಾ ಕಾರ್ಯಕರ್ತೆಯರು ಎರಡು ವಾರದಲ್ಲಿ ಏಳು ಸಾವಿರ ಮನೆ ಮುಗಿಸಿದರು. ಜೋಮು ಹಿಡಿದ ಕಾಲಿನವರು ಒಂಬೈನೂರು ಮಂದಿ ಸಿಕ್ಕರು. ಅವರಲ್ಲಿ ಮೂವತ್ತೊಂದು ಮಂದಿಗೆ ಗಾಯವಾಗಿತ್ತು. ಇಪ್ಪತ್ತೊಂಬತ್ತು ಮಂದಿಯದು ಇನ್ನೂ ಮೇಲಿನ ಗಾಯ, ಔಷಧಿಯಲ್ಲಿ ಮಾಯುವಂಥದು. ಉಳಿದ ಇಬ್ಬರದು ಆಳಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಮಾತು ಹೇಳಿದರಂತೆ: ನಮಗೇನೂ ಅನಿಸಲಿಲ್ಲ.

ಕಸ್ತೂರಿಯದು ಮಾಯಲಿಲ್ಲ. ಮೊದಲು ಹೆಬ್ಬೆರಳು ಕತ್ತರಿಸಿ ತೆಗೆದರು, ಆಮೇಲೆ ಪಕ್ಕದ ಎರಡು, ಜನವರಿ ಕೊನೆಗೆ ಬಲ ಪಾದದ ಮುಂದಿನ ಅರ್ಧ. ಆ ಕೊನೆಯ ಆಪರೇಷನ್ ಆದ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕಬ್ಬಿಣದ ಬೆಂಚು. ಆರು ಡಿಗ್ರಿ ಇತ್ತೆಂದು ಆಮೇಲೆ ದಾಖಲೆಯಲ್ಲಿ ನೋಡಿದೆ. ನನಗೆ ಚಳಿ ಹತ್ತಲಿಲ್ಲ, ಅಳುವೂ ಬರಲಿಲ್ಲ. ಎದುರಿನ ಗೋಡೆಗೆ ನಮ್ಮದೇ ಕಾವುಹಲಗೆ ಬಡಿದಿದ್ದರು. ಅದಕ್ಕೆ ಒರಗಿ ಒಬ್ಬ ಮುದುಕಿ ನಿದ್ದೆ ಮಾಡುತ್ತಿದ್ದಳು. ಎದ್ದು ಹೋಗಿ ಅವಳನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿದೆ. ಅವಳು ನನ್ನನ್ನು ಬಾಯಿಗೆ ಬಂದಂತೆ ಬೈದಳು.

ಮನೆಗೆ ಕರೆತಂದ ಮೇಲೆ ಕಸ್ತೂರಿ ಒಂದು ವಾರ ಕೌದಿ ಮುಟ್ಟಲಿಲ್ಲ. ಎಂಟನೆಯ ದಿನ ಸೂಜಿಗೆ ದಾರ ಪೋಣಿಸಿದಳು. ಹಲಗೆಯನ್ನು ನಾನು ಆಗಲೇ ಗೋಡೆಯಿಂದ ಕಿತ್ತು, ನಿಂತವನ ಎದೆಯ ಎತ್ತರಕ್ಕೆ ಬಡಿದಿದ್ದೆ. ಅಷ್ಟು ಎತ್ತರದಲ್ಲಿ ಕೋಣೆ ಮೊದಲಿನಷ್ಟು ಬೆಚ್ಚಗಾಗುವುದಿಲ್ಲ. ಅವಳು ಒಮ್ಮೆ ಅದನ್ನು ನೋಡಿ ಹೊಲಿಗೆಗೆ ಬಾಗಿದಳು.

"ನಿನ್ನ ಮ್ಯಾಲೆ ಆರೋಪ ಅಲ್ಲ," ಎಂದೆ ನಾನು ಒಂದು ಸಂಜೆ, ಯಾರೂ ಕೇಳದಿದ್ದರೂ. "ನೀ ದಿನಾ ಇಲ್ಲ ಅಂತ ಬರದಿ…"

"ನೀವ ಕೇಳಿದ್ದು ಉರಿ ಅನಸತೇನು ಅಂತ," ಎಂದಳು. "ಅನಸಲಿಲ್ಲ. ಬರದೆ. ಕಾಲಿಗೆ ಏನಾರ ಅನಸತೈತೇನು ಅಂತ ಕೇಳಿದ್ರ ಬ್ಯಾರೇ ಹೇಳತಿದ್ದೆ. ಯಾರೂ ಕೇಳಲಿಲ್ಲಲ್ರೀ."

ಸಿಟ್ಟಿನಿಂದ ಹೇಳಲಿಲ್ಲ. ಹೊಲಿಗೆಯಲ್ಲಿ ಗಂಟು ಬಿದ್ದದ್ದನ್ನು ಬಿಡಿಸುತ್ತಾ ಹೇಳಿದಳು.

ಫೆಬ್ರವರಿಯಲ್ಲಿ ಹೊಸ ಹಲಗೆಯ ನಕ್ಷೆ ಸಿದ್ಧವಾಯಿತು. ಇದರ ಹಾಳೆಯ ಮಿತಿ ಮೂವತ್ತೊಂಬತ್ತು ಡಿಗ್ರಿ. ಕಾವು ಕಡಿಮೆ, ಆದ್ದರಿಂದ ಅಗಲ ಹೆಚ್ಚು, ಗೋಡೆಯ ಒಂದು ಬದಿ ಪೂರಾ ಹಿಡಿಯುತ್ತದೆ. ಪದ್ಧತಿಯಂತೆ ಮತ್ತೆ ಸಿಬ್ಬಂದಿಯ ಮನೆಗಳಿಗೆ ಹೋಗಬೇಕು. ಹೊಸ ಹಾಳೆ ನಾನೇ ಬರೆದೆ. ಉರಿಯ ಪ್ರಶ್ನೆಗೆ ಮೊದಲು ಒಂದು ಪರೀಕ್ಷೆ ಇಟ್ಟೆ: ಮನೆಯ ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಕಾಲಿನ ಒಂದೊಂದೇ ಬೆರಳಿಗೆ ತಮ್ಮ ಬೆರಳ ತುದಿ ಮೆಲ್ಲಗೆ ತಾಗಿಸಬೇಕು, ಗೊತ್ತಾದರೆ ಹ್ಞೂ ಅನ್ನಬೇಕು. ಮನೆಯ ಪ್ರತಿ ದೊಡ್ಡವರಿಗೂ ಇದು ಕಡ್ಡಾಯ. ಮನೆ ಸಂಖ್ಯೆ ಏಳಕ್ಕೂ ಕಡ್ಡಾಯ.

"ನಿಮ್ಮ ಮನಿ ಬಿಡಬಹುದು," ಎಂದಿದ್ದರು ಮೇಡಂ.

ನಾನು ಹಾಳೆ ತಂದು ಕಸ್ತೂರಿಯ ಮುಂದೆ ಇಟ್ಟೆ. ಅವಳು ಓದಿದಳು. ಕೌದಿ ಪಕ್ಕಕ್ಕೆ ಸರಿಸಿ, "ಮೊದಲ ನಿಮ್ಮದು," ಎಂದಳು.

ನಾನು ನೆಲದ ಮೇಲೆ ಕೂತು ಕಣ್ಣು ಮುಚ್ಚಿದೆ. ಅವಳ ಬೆರಳ ತುದಿ ಒರಟು, ವರ್ಷಗಟ್ಟಲೆ ಸೂಜಿ ಚುಚ್ಚಿದ್ದು. ಒಂದು ಬೆರಳು. ಹ್ಞೂ. ಎರಡು. ಹ್ಞೂ. ಹತ್ತಕ್ಕೆ ಹತ್ತೂ ಹೇಳಿದೆ. ಫರಸಿ ಕಲ್ಲಿನ ಥಂಡಿ ತೊಡೆಗೆ ಏರುತ್ತಿತ್ತು, ಅದೂ ಗೊತ್ತಾಯಿತು. ಅವಳು ಹಾಳೆಯಲ್ಲಿ ದುಂಡಗೆ ಬರೆದಳು: ಹತ್ತಕ್ಕೆ ಹತ್ತು.

"ಈಗ ನಂದು. ನಂದು ಹತ್ತ ಇಲ್ಲ, ಐದ," ಎಂದು ಕಣ್ಣು ಮುಚ್ಚಿದಳು. ತಾನೇ ನಕ್ಕಳು.

ಎಡಗಾಲು. ಕಿರುಬೆರಳಿನಿಂದ ಶುರು ಮಾಡಿದೆ. ಬೆರಳು ತಾಗಿಸಿ ಕಾದೆ. ಅವಳು ಸುಮ್ಮನಿದ್ದಳು. ಎರಡನೆಯದು. ಮೂರನೆಯದು. ಗಡಿಯಾರದ ಸಪ್ಪಳ ಕೇಳುತ್ತಿತ್ತು. ಐದನೆಯದು ಹೆಬ್ಬೆರಳು, ಅದರ ಉಗುರಿನಲ್ಲಿ ಹಳೆಯ ಮೆಹೆಂದಿಯ ಬಣ್ಣ ಇನ್ನೂ ಉಳಿದಿತ್ತು. ಮುಟ್ಟಿದೆ. ಅವಳು ಮುಖ ಅಲ್ಲಾಡಿಸದೆ ಕಣ್ಣು ಮುಚ್ಚಿ ಕಾಯುತ್ತಿದ್ದಳು, ಆಸ್ಪತ್ರೆಯಲ್ಲಿ ಕಾದ ಹಾಗೆಯೇ. ಪರೀಕ್ಷೆ ಮುಗಿದಿತ್ತು. ಬೆರಳು ತೆಗೆಯಬೇಕಿತ್ತು, ತೆಗೆಯಲಾಗಲಿಲ್ಲ. ಎರಡೂ ಕೈಯಿಂದ ಆ ಕಾಲನ್ನು ಹಿಡಿದುಕೊಂಡೆ. ಅದು ತಣ್ಣಗಿತ್ತು. ನನಗೆ ಅಳು ಬಂತು. ಸದ್ದಿಲ್ಲದೆ ಬಂತು, ನಿಲ್ಲಲಿಲ್ಲ. ಕಣ್ಣೀರು ಅಂಗಾಲಿನ ಮೇಲೆ, ಕೈಯ ಮೇಲೆ ಬಿದ್ದಿತು. ಬಿಸಿಯಾಗಿತ್ತು.

ಕಸ್ತೂರಿ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಮುಟ್ಟೀರೇನ್ರೀ?" ಎಂದಳು. "ಬಾಯಿಬಿಟ್ಟ ಹೇಳ್ರಿ, ನನಗ ಗೊತ್ತಾಗಂಗಿಲ್ಲ."

"ಹ್ಞೂ," ಎಂದೆ. "ಹಿಡಕೊಂಡೀನಿ."

"ಹಂಗಾರ ಹೇಳಕೋತ ಇರ್ರಿ," ಎಂದಳು.

ನಾನು ಹೇಳುತ್ತಾ ಕೂತೆ.